ಮೊಲದ ಊಟ, ನಮ್ಮ ಉಪಚಾರ

ನಮ್ಮ ಮನೆಗೆ ಬರುವ ನೆಂಟರು ಮಕ್ಕಳಿಗೆ ಬಿಸ್ಕತ್ತು ತರುವುದನ್ನು ಮರೆತಾರು, ಮೊಲಗಳಿಗೆ ಕ್ಯಾರೆಟ್ ತರುವುದನ್ನು ಮರೆಯುವವರಲ್ಲ. ನನ್ನ ಅನುಮಾನ ಬಗ್ಸ್ ಬನ್ನಿಯ ಮೇಲೆ. 1940ರಲ್ಲಿ ಅಮೆರಿಕದ ಆ ಕಾರ್ಟೂನ್ ಮೊಲ ಕ್ಯಾರೆಟ್ ಕಡಿಯುತ್ತ ತೆರೆಗೆ ಬಂದದ್ದೇ ತಡ, ಲೋಕದ ಮೊಲಗಳಿಗೆಲ್ಲ ಅದೇ ಊಟವೆಂದು ಗೊತ್ತಾಗಿಹೋಯಿತು. ಕ್ಯಾರೆಟ್ಟಿನಲ್ಲಿರುವುದು ಸಕ್ಕರೆ. ಬೆರಳುದ್ದದ ತುಂಡು ಸರಿ, ಬುಟ್ಟಿಗಟ್ಟಲೆ ಹಾಕಿದರೆ ಹೊಟ್ಟೆ ಕೆಡುತ್ತದೆ.

ಸಾಕುಮೊಲದ ತವರು ಸ್ಪೇನ್, ಪೋರ್ಚುಗಲ್ ಕಡೆ. ಒಣ ಬಯಲಿನ ಒರಟು ಹುಲ್ಲು ಮೇದು ಬೆಳೆದ ಕುಲವದು. ರೋಮನ್ನರು ಗೋಡೆ ಕಟ್ಟಿ ಅದನ್ನು ದೊಡ್ಡಿಯಲ್ಲಿ ಕೂಡಿಹಾಕಿದರು. ಆಮೇಲೆ ಗೂಡು ಬಂತು, ತಳಿಗಳು ಬಂದವು. ನಮ್ಮ ಹಿತ್ತಲಲ್ಲಿರುವ ನ್ಯೂಜಿಲೆಂಡ್ ವೈಟ್ ತಳಿ ಹುಟ್ಟಿದ್ದು ಅಮೆರಿಕದಲ್ಲಿ! ಇಷ್ಟೆಲ್ಲ ಊರು ಸುತ್ತಿದರೂ ಅದರ ಹೊಟ್ಟೆ ಮಾತ್ರ ಆ ಬಯಲಿನದ್ದೇ.

ಅದಕ್ಕೆ ಹುಲ್ಲೇ ಮುಖ್ಯವೆಂದು ನಮ್ಮತ್ತೆಗೆ ಒಪ್ಪಿಸುವುದು ಕಷ್ಟ. ಅವರದು ಹಸು ಸಾಕಿದ ಕೈ. ತಂಗಳನ್ನ, ನಿನ್ನೆಯ ಮುದ್ದೆ, ಒಂದು ಹಿಡಿ ಬೂಸಾ ಹೊತ್ತು ಗೂಡಿನತ್ತ ಹೊರಟೇಬಿಡುತ್ತಾರೆ. "ಬರೀ ಹುಲ್ಲು ಹಾಕಿ ಒಣಗಿಸ್ತೀಯಲ್ಲೇ ಅವನ್ನ!" ಆದರೆ ಹಸುವಿಗೆ ಮೇವು ಹುದುಗುವ ಚೀಲ ಮುಂದಿದೆ, ಮೊಲಕ್ಕೆ ಕರುಳಿನ ಹಿಂಬದಿಯಲ್ಲಿ. ಪಿಷ್ಟ ಹೆಚ್ಚಾಗಿ ಅಲ್ಲಿಗೆ ತಲುಪಿದರೆ ಕೆಟ್ಟ ಸೂಕ್ಷ್ಮಜೀವಿಗಳಿಗೆ ಹಬ್ಬ, ಮೊಲಕ್ಕೆ ಹೊಟ್ಟೆಯುಬ್ಬರ. ವಾಂತಿ ಮಾಡಲೂ ಬಾರದ ಪ್ರಾಣಿ. ತಾಯಿಯ ಹಾಲು ಬಿಟ್ಟ ಹೊಸತರಲ್ಲಿ ಮರಿಗಳು ಸಾಯುವುದು ಹೆಚ್ಚಾಗಿ ಹೀಗೆಯೇ. ಆಗ ಮೇವು ಬದಲಿಸುವುದಿದ್ದರೆ ದಿನಕ್ಕಿಷ್ಟಿಷ್ಟೇ ಬದಲಿಸಬೇಕು.

ಹಿಂದಿನ ಚೀಲದಲ್ಲಿ ಹುದುಗಿದ ಸತ್ವ ಹೊರಗೆ ಹೋಗಿಬಿಟ್ಟರೆ ನಷ್ಟವಲ್ಲವೇ? ಅದಕ್ಕೇ ಮೊಲ ಮೆತ್ತನೆಯ ಒಂದು ಬಗೆಯ ಹಿಕ್ಕೆ ಹಾಕಿ, ನೆಲಕ್ಕೆ ಬೀಳುವ ಮೊದಲೇ ಬಾಯಿಟ್ಟು ನುಂಗುತ್ತದೆ. 1882ರಲ್ಲಿ ಫ್ರಾನ್ಸಿನ ಮೋರೋ ಎಂಬಾತ ಇದನ್ನು ವಿವರವಾಗಿ ಬರೆದ. ನಾನು ಅತ್ತೆಗೆ ಹೇಳಿದ ದಿನ ಅವರು ಹಿತ್ತಲ ಕಡೆ ಸುಳಿಯಲಿಲ್ಲ.

ಹುಲ್ಲಿಗೆ ಇನ್ನೊಂದು ಕೆಲಸವಿದೆ. ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ನಾರು ಅಗಿದು ಅಗಿದೇ ಸವೆಯಬೇಕು. ಕಾಳಿನ ತಿಂಡಿ ಎರಡು ಸಲ ಅಗಿದರೆ ಮುಗಿಯಿತು. ಹಾಗಾಗಿ ಒಣಹುಲ್ಲು ಗೂಡಿನಲ್ಲಿ ಸದಾ ಇರಬೇಕು. ಜೊತೆಗೆ ಕುದುರೆ ಮಸಾಲೆ ಸೊಪ್ಪು, ಅಲಸಂದೆ ಬಳ್ಳಿ, ಗರಿಕೆ. ನಮ್ಮದು ರೇಷ್ಮೆ ಸೀಮೆಯಾದ್ದರಿಂದ ಹಿಪ್ಪುನೇರಳೆಗೆ ಬರವಿಲ್ಲ. ಆದರೆ ಹುಳು ಮೇದು ಬಿಟ್ಟ ಕಡ್ಡಿ ಬೇಡ, ಅದಕ್ಕೆ ಸುಣ್ಣದ ಪುಡಿ ತಾಗಿರುತ್ತದೆ. ಔಷಧಿ ಹೊಡೆದ ತೋಟದ ಸೊಪ್ಪಂತೂ ಬೇಡವೇ ಬೇಡ. ಬೆಳಿಗ್ಗೆ ಕೊಯ್ದು ಹೊರೆಕಟ್ಟಿ ಬಿಟ್ಟ ಹಸಿಮೇವು ಸಂಜೆಗೆ ಬಿಸಿಯಾಗಿರುತ್ತದೆ. ನೆರಳಲ್ಲಿ ಹರಡಿ ಬಾಡಿಸಬೇಕು. ಸುಬಾಬುಲ್ ಸೊಪ್ಪು ಅತಿಯಾದರೆ ಕೂದಲುದುರುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ವಿಷವೇ ಸರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಅಂಥ ಹಿಂಡಿಯಿಂದಲೇ.

ಮೊಲ ಹೊಟ್ಟೆತುಂಬ ಮೇಯುವುದು ರಾತ್ರಿ. ಬಿಸಿಲಲ್ಲಿ ಹಾಕಿ "ತಿನ್ನಲ್ಲ" ಎಂದು ಬೈದರೆ ಪ್ರಯೋಜನವಿಲ್ಲ. ದೊಡ್ಡ ಪಾಲು ಮುಸ್ಸಂಜೆಗಿರಲಿ. ನೀರು ಮಾತ್ರ ಎಲ್ಲ ಹೊತ್ತಿಗೂ ಬೇಕು, ಬಾಣಂತಿ ಮೊಲಕ್ಕೆ ಇನ್ನೂ ಹೆಚ್ಚು. ಈಗ ಆ ಕೆಲಸವನ್ನು ಅತ್ತೆಯೇ ಕೇಳಿ ವಹಿಸಿಕೊಂಡಿದ್ದಾರೆ. ಬಟ್ಟಲಿಗೆ ಬೆಲ್ಲದ ಚೂರು ಬೀಳದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.