ಅವಳಿಗೆ ಹೆಸರಿಲ್ವಾ?

ಒಳ್ಳೆ ಬೋನಸ್ ಬಂದ ವರ್ಷ, ಬೆಂಗಳೂರಿನ ಅರ್ಧ ಸಾಫ್ಟ್‌ವೇರ್ ಎಂಜಿನಿಯರುಗಳ ಹಾಗೆ ನಾನೂ ಒಂದು ಡಿಎಸ್‌ಎಲ್‌ಆರ್ ಕೊಂಡೆ. ಲಾಲ್‌ಬಾಗಿನ ಹೂವು, ಹಕ್ಕಿ ಎಲ್ಲ ಮುಗಿದ ಮೇಲೆ ಮನುಷ್ಯರ ಫೋಟೋ ತೆಗೀಬೇಕು ಅನ್ನಿಸಿತು. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ನನ್ನೂರು. ಗಗನಚುಕ್ಕಿ ನೋಡೋಕೆ ಬರೋ ಪೇಟೆಯವರ ಕೊರಳಲ್ಲಿ ಕ್ಯಾಮೆರಾ ನೋಡ್ತಾ ಬೆಳೆದವನು ನಾನು. ಆ ಸಲ ಊರಿಗೆ ಹೋದಾಗ ಅದು ನನ್ನ ಕೊರಳಲ್ಲೇ ಇತ್ತು.

ನಾಟಿ ಕಾಲ. ನೀರು ನಿಂತ ಗದ್ದೆ, ಎಳೆ ಬಿಸಿಲು, ಸಾಲಾಗಿ ಬಗ್ಗಿದ ಹೆಂಗಸರು. ಬದುವಿನ ಮೇಲೆ ನಿಂತು ಇನ್ನೂರು ಫೋಟೋ ತೆಗೆದಿರಬೇಕು. ಒಂದರಲ್ಲಿ, ತಲೆಗೆ ಟವೆಲ್ ಸುತ್ತಿದ್ದ ಒಬ್ಬ ಹೆಂಗಸು ಪೈರಿನ ಕಟ್ಟು ಹಿಡಿದು ನೇರ ನನ್ನ ಕಡೆ ನೋಡಿದ್ದಳು. ‘ಅನ್ನದಾತೆ’ ಅಂತ ಬರೆದು ಇನ್‌ಸ್ಟಾಗ್ರಾಮ್‌ಗೆ ಹಾಕಿದೆ. ಅಷ್ಟು ಲೈಕು ನನಗೆ ಯಾವತ್ತೂ ಬಂದಿರಲಿಲ್ಲ.

ರಾತ್ರಿ ಅವ್ವನಿಗೆ ತೋರಿಸಿದೆ. ಫೋನನ್ನು ದೂರ ಹಿಡಿದು ನೋಡಿದಳು.

“ಇವ್ಳು ಹಿಂದಿನ ಬೀದಿಯೋಳಲ್ವೇನ್ಲಾ? ನಾನು ಜ್ವರ ಬಂದು ಮಲಗಿದ್ದಾಗ ನಿನ್ನ ಎತ್ತಾಡಿಸ್ದೋಳು. ಕೆಳಗೆ ಏನ್ ಬರ್ದಿದ್ದೀಯ?”

“ಅನ್ನದಾತೆ ಅಂತ.”

“ಯಾಕೆ, ಅವ್ಳಿಗೆ ಹೆಸ್ರಿಲ್ವಾ?”

ಪಿಯುಸಿಗೆ ಅಂತ ಊರು ಬಿಟ್ಟವನಿಗೆ ಗುರುತೂ ಸಿಕ್ಕಿರಲಿಲ್ಲ.

ಆ ಪ್ರಶ್ನೆ ತಲೇಲಿ ಕೂತ ಮೇಲೆ ನಾನು ಮೆಚ್ಚಿದ್ದ ದೊಡ್ಡ ದೊಡ್ಡ ಫೋಟೋಗಳೂ ಬೇರೆ ಥರ ಕಾಣಿಸತೊಡಗಿದವು. ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಕಾರರ ಬಿಡಾರದಲ್ಲಿ ತೆಗೆದ ‘ಮೈಗ್ರೆಂಟ್ ಮದರ್’ ನೀವು ನೋಡಿರ್ತೀರಿ. ಲ್ಯಾಂಗ್ ಆ ತಾಯಿಯ ಹೆಸರು ಕೇಳಿರಲಿಲ್ಲ. ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜನಕ್ಕೆ ಗೊತ್ತಾಗಿದ್ದು 1978ರಲ್ಲಿ. 1985ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ ಬಂದ ಹಸಿರು ಕಣ್ಣಿನ ಆಫ್ಘನ್ ಹುಡುಗಿಗೂ ಅಷ್ಟೇ. ಶರ್ಬತ್ ಗುಲಾ ಅನ್ನೋ ಹೆಸರು ಹೊರಬೀಳೋಕೆ 2002 ಬರಬೇಕಾಯ್ತು. ಇಬ್ಬರ ಮುಖವೂ ಲೋಕಕ್ಕೆಲ್ಲ ಗೊತ್ತು. ಹೆಸರು ಮಾತ್ರ ಯಾರಿಗೂ ಬೇಕಿರಲಿಲ್ಲ.

ನಮ್ಮ ದೇಶದಲ್ಲಿ ಇದು ಇನ್ನೂ ಹಳೇ ಕಥೆ. 1868ರಿಂದ 1875ರವರೆಗೆ ಬ್ರಿಟಿಷರು ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ತಂದರು. ಅಲ್ಲಿ ಜನರನ್ನು ಜಾತಿ, ಬುಡಕಟ್ಟಿನ ಮಾದರಿಗಳ ಹಾಗೆ ಜೋಡಿಸಿದ್ದಾರೆ. ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಈ ನೋಟವನ್ನೇ ತಿರುಗಿಸಿ ಹಿಡಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಚೌಕಳಿ ಪರದೆ ಮುಂದೆ ಅಳತೆಗೆ ನಿಂತ ಬುಡಕಟ್ಟಿನ ಹೆಣ್ಣೂ ಅವರೇ. ನೋಡಿದರೆ ಮೊದಲು ನಗು ಬರುತ್ತೆ. ಆಮೇಲೆ, ಹೆಣ್ಣನ್ನು ಹೀಗೇ ನಿಲ್ಲಿಸಬೇಕು ಅಂತ ಹೇಳಿದ್ದು ಯಾರು ಅನ್ನೋ ಪ್ರಶ್ನೆ ಬರುತ್ತೆ. ಆ ಗದ್ದೆ ಬದುವಿನ ಮೇಲೆ ಹಾಗೆ ಹೇಳಿದವನು ನಾನೇ.

ಮುಂದಿನ ತಿಂಗಳು ಆ ಫೋಟೋ ಪ್ರಿಂಟ್ ಹಾಕಿಸಿಕೊಂಡು ಅವರ ಮನೆಗೆ ಹೋದೆ. ಚಿಕ್ಕವನಿದ್ದಾಗ ದೊಡ್ಡವ್ವ ಅಂತಿದ್ದೆ, ಹಾಗೇ ಕರೆದೆ. ಫೋಟೋ ನೋಡಿ ನಕ್ಕಳು.

“ಚೆನ್ನಾಗೈತೆ ಕಣಪ್ಪ. ಆದ್ರೆ ಕೆಸರಲ್ಲಿ ನಿಂತಿರೋದನ್ನ ಯಾರು ಗೋಡೆಗೆ ಹಾಕ್ತಾರೆ?”

“ಮತ್ತೆ ಹೆಂಗೆ ತೆಗೀಲಿ?”

ಒಳಗೆ ಹೋದವಳು ಮಗಳ ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟು ಬಂದಳು. ಡಿಗ್ರಿ ಓದೋ ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಬೆನ್ನು ನೆಟ್ಟಗೆ, ಕೈ ಎರಡೂ ಕೆಳಗೆ. ನಗು ಅಂದರೂ ನಗಲಿಲ್ಲ. ನೀಲಿ ಗೋಡೆ, ಹಿಂದೆ ಕ್ಯಾಲೆಂಡರು, ಮೂಲೇಲಿ ಗ್ಯಾಸ್ ಸಿಲಿಂಡರು. ನನ್ನ ಫೋಟೋಗ್ರಫಿ ಕ್ಲಾಸಿನಲ್ಲಿ ತೋರಿಸಿದರೆ ಪಾಸ್ ಆಗಲ್ಲ.

ಅದನ್ನು ಅವಳ ಗೋಡೆ ಮೇಲೆ ನಾನೇ ಮೊಳೆ ಹೊಡೆದು ಹಾಕಿ ಬಂದೆ. ಕೆಳಗೆ ಇಬ್ಬರ ಹೆಸರೂ ಇದೆ. ‘ಅನ್ನದಾತೆ’ಯನ್ನು ಇನ್‌ಸ್ಟಾಗ್ರಾಮ್‌ನಿಂದ ತೆಗೆದೆ.

ಇಷ್ಟೆಲ್ಲ ಹೇಳಿ ಇಲ್ಲಿ ಅವಳ ಹೆಸರು ಯಾಕೆ ಬರೆದಿಲ್ಲ ಅಂತ ನೀವು ಕೇಳಬಹುದು. ಬರೀಲಾ ಅಂತ ಇನ್ನೂ ಕೇಳಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಕೇಳಬೇಕು.