ಹಗ್ಗ ಕೊಳ್ಳುವ ಮುಂಚೆ

ದೀಪಾವಳಿ ಮುಗಿದ ವಾರ ನಮ್ಮ ಬೀದಿಯ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದ. ಬಿಡದಿಯ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಎರಡು ಭಾನುವಾರ ನನ್ನ ಜೊತೆ ರಾಮನಗರಕ್ಕೆ ಬಂಡೆ ಹತ್ತಲು ಬಂದಿದ್ದ. "ಅಣ್ಣ, ಬೋನಸ್ ಬಂದೈತೆ. ಶೂ, ಹಾರ್ನೆಸ್, ಹಗ್ಗ ಎಲ್ಲಾ ಒಂದೇ ಸಲ ತರಿಸ್ಬಿಡ್ತೀನಿ. ಯಾವ್ದು ತಗೊಳ್ಳಲಿ ಹೇಳಿ" ಅಂದ.

"ಈಗ್ಲೇ ಏನೂ ತಗೋಬೇಡ ಕಣಪ್ಪ. ಇನ್ನೂ ನಾಲ್ಕು ಭಾನುವಾರ ಬಾ. ಅಲ್ಲೀವರ್ಗೂ ನಂದೇ ಸಾಮಾನು ಐತಲ್ಲ."

ಅವನ ಮುಖ ಬಾಡಿತು. ಬೇರೆ ಮಾತು ಹೇಳಬಹುದಿತ್ತು. ಅವನು ತೋರಿಸಿದ ಶೂ ಚೆನ್ನಾಗಿಯೇ ಇತ್ತು. ಆದರೆ ಈ ಹವ್ಯಾಸದಲ್ಲಿ "ಇದನ್ನು ತಗೋ" ಅನ್ನುವ ಮಾತಿಗೆ ತೂಕ ಜಾಸ್ತಿ. ನಾನು ಹೇಳಿದ ಹಗ್ಗಕ್ಕೆ ನಾಳೆ ಅವನು ಜೋತು ಬೀಳುತ್ತಾನೆ.

ಚನ್ನಪಟ್ಟಣದಿಂದ ರಾಮನಗರ ಹತ್ತು ಹನ್ನೆರಡು ಕಿಲೋಮೀಟರ್. ಚಳಿಗಾಲದ ಭಾನುವಾರ ಬೆಳಕು ಹರಿಯುವಾಗಲೇ ಹೊರಟರೆ ಬಂಡೆ ಇನ್ನೂ ತಣ್ಣಗಿರುತ್ತದೆ. ಬಿಸಿಲೇರಿ ಕಲ್ಲು ಕಾದರೆ ಅಂಗೈ ಬೆವರುತ್ತದೆ, ಹಿಡಿತ ಜಾರುತ್ತದೆ. ರಾಮನಗರದ ಹೆಸರು ಕ್ಲೋಸ್‌ಪೇಟೆಯಾಗಿದ್ದ ಕಾಲ ಹೋಯಿತು. ಭೂವಿಜ್ಞಾನಿಗಳು ಮಾತ್ರ ಈ ಕಲ್ಲನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷದ ಕಲ್ಲು. 1975ರ 'ಶೋಲೆ' ಚಿತ್ರ ಇದನ್ನು ದೇಶಕ್ಕೆಲ್ಲ ದೂರದಿಂದ ತೋರಿಸಿತು. ಹತ್ತಿರ ಹೋಗಿ ಕೆನ್ನೆ ತಾಗುವಷ್ಟು ಸಮೀಪ ನಿಂತರೆ ಬಂಡೆಯ ಮೈತುಂಬ ಹರಳುಗಳು ಕಾಣುತ್ತವೆ, ಕೆಲವು ಹೆಸರುಕಾಳಿನಷ್ಟು, ಕೆಲವು ಹುಣಸೆಬೀಜದಷ್ಟು. ಅಂಥ ಒಂದು ಹರಳಿನ ಮೇಲೆ ಕಾಲಿನ ಹೆಬ್ಬೆರಳಿನ ತುದಿ ಊರಿ, ಮೈಭಾರ ನಿಧಾನವಾಗಿ ಅದರ ಮೇಲೆ ಬಿಟ್ಟು, ಕಾಲು ಜಾರದೆ ನಿಂತಾಗ ಸಿಗುವ ಸಮಾಧಾನ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಆ ಹೆಬ್ಬೆರಳಿನ ವಿಷಯದಲ್ಲೇ ನಾನು ಹಿಂದೆ ಒಮ್ಮೆ ತಪ್ಪು ಸಲಹೆ ಕೊಟ್ಟಿದ್ದೆ. ಹೊಸದಾಗಿ ಹತ್ತಲು ಬಂದ ಗೆಳತಿಯೊಬ್ಬರು ಶೂ ಬಗ್ಗೆ ಕೇಳಿದರು. ಆಗ ನನಗೆ ತುದಿ ಬಾಗಿದ, ಬಿಗಿಯಾದ ಶೂ ಮೇಲೆ ಮೋಹ. ಅದನ್ನೇ ಹೇಳಿದೆ. ಅವರು ಏನು ಹತ್ತುತ್ತಾರೆ, ಎಷ್ಟು ಹೊತ್ತು ಹತ್ತುತ್ತಾರೆ ಎಂದು ಕೇಳಲೇ ಇಲ್ಲ. ಅವರು ಹೋಗಿದ್ದು ಮಾಗಡಿಯ ಸಾವನದುರ್ಗಕ್ಕೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಆ ಏಕಶಿಲೆಯ ಉದ್ದನೆಯ ಇಳಿಜಾರುಗಳಲ್ಲಿ ಗಂಟೆಗಟ್ಟಲೆ ಪಾದದ ಮೇಲೇ ನಿಲ್ಲಬೇಕು. ಅಲ್ಲಿಗೆ ಬೇಕಿದ್ದದ್ದು ಚಪ್ಪಟೆ ತಳದ, ಬೆರಳು ನೆಟ್ಟಗೆ ಚಾಚುವಂಥ ಸಾದಾ ಶೂ. ಸಂಜೆ ಇಳಿಯುವಾಗ ಅವರ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು. ಮತ್ತೆ ಅವರು ಬಂಡೆಗೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವತ್ತಿನಿಂದ ಮೊದಲು ಕೇಳುತ್ತೇನೆ, ಆಮೇಲೆ ಹೇಳುತ್ತೇನೆ.

ಕೇಳಿ ಹೇಳುವುದನ್ನು ನಾನು ಕಂಡದ್ದು ನಮ್ಮೂರ ಗೊಂಬೆ ಅಂಗಡಿಯೊಂದರಲ್ಲಿ. ಬೆಂಗಳೂರಿನ ದಂಪತಿ ದೊಡ್ಡ ರೈಲುಗಾಡಿಯೊಂದನ್ನು ಆರಿಸಿ ದುಡ್ಡು ತೆಗೆದಿದ್ದರು. ಅಂಗಡಿಯ ಹಿರಿಯರು "ಮಗೂಗೆ ಎಷ್ಟು ವಯಸ್ಸಮ್ಮ?" ಎಂದು ಕೇಳಿದರು. ಎಂಟು ತಿಂಗಳು. ರೈಲು ಮತ್ತೆ ಕಪಾಟು ಸೇರಿತು. "ಇದರ ಚಕ್ರ ಕಳಚ್ಕೊಂಡ್ರೆ ಮಗು ಬಾಯಿಗಿಟ್ಕೊಳ್ಳತ್ತೆ. ಇದನ್ನ ತಗೊಂಡೋಗಿ" ಎನ್ನುತ್ತ ಆಲೆ ಮರದಲ್ಲಿ ಕಡೆದು ಅರಗು ಹಚ್ಚಿದ ನುಣುಪಾದ ಗಿಲಕಿ ಕೊಟ್ಟರು. ಬೆಲೆ ರೈಲಿನ ಕಾಲುಭಾಗವೂ ಇರಲಿಲ್ಲ.

ನನ್ನನ್ನು ಕೇಳಿದವರಿಗೆ ನಾನು ಮೊದಲು ಹೆಲ್ಮೆಟ್ ಕೊಳ್ಳಿ ಅನ್ನುತ್ತೇನೆ. ಬೈಕಿನ ಹೆಲ್ಮೆಟ್ ಇಲ್ಲಿ ನಡೆಯದು. ಅದನ್ನು ತೊಟ್ಟರೆ ತಲೆ ಎತ್ತಿ ಮೇಲೆ ನೋಡುವುದೇ ಕಷ್ಟ. ಬಂಡೆ ಹತ್ತುವವರ ಹೆಲ್ಮೆಟ್ ಒಳಗೆ ಇಎನ್ 12492 ಎಂಬ ಸುರಕ್ಷತಾ ಮಾನದಂಡದ ಗುರುತು ಇರುತ್ತದೆ. ಆಮೇಲೆ ಶೂ, ಅದೂ ಸಂಜೆ ಹೊತ್ತು ಕಾಲಿಗೆ ಹಾಕಿ ನೋಡಿಯೇ ಕೊಳ್ಳಬೇಕು. ರಾಮನಗರದ ರೇಷ್ಮೆ ಮಾರುಕಟ್ಟೆಯಲ್ಲಿ ಗೂಡನ್ನು ಕೈಗೆತ್ತಿಕೊಂಡು ನೋಡದೆ ರೀಲರ್ ಬೆಲೆ ಕಟ್ಟುತ್ತಾನೆಯೇ?

ಹಗ್ಗ ಕೊನೆಗೆ. ಅದರಲ್ಲಿ ಎರಡು ಜಾತಿ. ಬಿದ್ದವರ ಭಾರಕ್ಕೆ ಹಿಗ್ಗಿ ಆ ಏಟನ್ನು ತಾನೇ ನುಂಗುವುದು ಡೈನಮಿಕ್ ಹಗ್ಗ. ಹೆಚ್ಚು ಹಿಗ್ಗದ ಸ್ಟ್ಯಾಟಿಕ್ ಹಗ್ಗ ಇಳಿಯುವುದಕ್ಕೆ ಸರಿ. ಅದನ್ನು ಕಟ್ಟಿಕೊಂಡು ಮುಂದಾಳಾಗಿ ಹತ್ತಿ ಬಿದ್ದರೆ ಏಟೆಲ್ಲ ಸೊಂಟಕ್ಕೆ. ನೋಡುವುದಕ್ಕೆ ಎರಡೂ ಒಂದೇ ಥರ ಇರುವುದರಿಂದ ಹಗ್ಗದ ತುದಿಯ ಪಟ್ಟಿಯನ್ನು ಓದದೆ ಕೊಳ್ಳಬಾರದು.

ಯಾರೋ ಬಳಸಿದ ಹಗ್ಗ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಅದಕ್ಕೆ ಹಿಂದೆ ಏನು ತಾಗಿತ್ತೋ ನಮಗೆ ಗೊತ್ತಾಗದು. ಬ್ಯಾಟರಿಯ ಆಸಿಡ್ ತಾಗಿದ ನೈಲಾನ್ ಹಗ್ಗ ಹೊರಗೆ ಚೆನ್ನಾಗಿಯೇ ಕಂಡು ಒಳಗೆ ಸತ್ತಿರಬಹುದು. ನನ್ನ ಹಗ್ಗವನ್ನೇ ಪ್ರತಿ ಸಲ ಹತ್ತುವ ಮುಂಚೆ ಈ ತುದಿಯಿಂದ ಆ ತುದಿವರೆಗೆ ಗೇಣು ಗೇಣಾಗಿ ಬೆರಳ ನಡುವೆ ಹಾಯಿಸುತ್ತೇನೆ. ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹೊದಿಕೆಯ ಒಳಗಿನ ತಿರುಳು ಮುರಿದ ಕಡೆ ಹಗ್ಗ ಮೆತ್ತಗಾಗಿ, ಮಡಿಸಿದರೆ ಚಪ್ಪಟೆಯಾಗುತ್ತದೆ. ಹಾಗೆ ಸಿಕ್ಕಿದ ದಿನ, ಎಷ್ಟೇ ದುಡ್ಡು ಕೊಟ್ಟಿದ್ದರೂ, ಅದರ ಕೆಲಸ ಅಲ್ಲಿಗೆ ಮುಗಿಯಿತು.

ಎಲ್ಲಿ ಹತ್ತಬಾರದು ಎಂಬುದೂ ಸಲಹೆಯೇ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದು ಕಡಿದಾದ ಬಂಡೆಯ ಅಂಚುಗಳಲ್ಲೇ. ಹೊಸ ಸಾಮಾನಿನ ಹುಮ್ಮಸ್ಸಿನಲ್ಲಿ ಯಾರಾದರೂ ಅತ್ತ ಬೆರಳು ತೋರಿದರೆ ಬೇಡವೇ ಬೇಡ ಅನ್ನುತ್ತೇನೆ.

ನಾನು ಬಳಸದ ವಸ್ತುವಿನ ಬಗ್ಗೆ ಕೇಳಿದರೆ "ಗೊತ್ತಿಲ್ಲ" ಎಂದುಬಿಡುತ್ತೇನೆ. ಬಳಸಿ ಬಲ್ಲವರ ಹತ್ತಿರ ಕಳಿಸುತ್ತೇನೆ.

ನಮ್ಮ ಬೀದಿಯ ಹುಡುಗ ನಾಲ್ಕು ಭಾನುವಾರವೂ ಬಂದ. ಹೆಲ್ಮೆಟ್ ಕೊಂಡ, ಚಪ್ಪಟೆ ತಳದ ಶೂ ಕೊಂಡ. ಬೋನಸ್ಸಿನಲ್ಲಿ ಉಳಿದ ದುಡ್ಡಿಗೆ ಅವನಮ್ಮನ ಮಿಕ್ಸಿ ರಿಪೇರಿ ಆಯಿತು. ಹಗ್ಗ ಇನ್ನೂ ನನ್ನದೇ. ಹತ್ತುವ ಮುಂಚೆ ಅದನ್ನು ಬೆರಳಲ್ಲಿ ಹಾಯಿಸಿ ನೋಡುವ ಕೆಲಸ ಈಗ ಅವನದು.

ನೀವು ಏನೇ ಬಲ್ಲವರಾಗಿರಿ, ನಿಮ್ಮನ್ನು ನಂಬಿ ಯಾರಾದರೂ "ಯಾವ್ದು ತಗೊಳ್ಳಲಿ?" ಎಂದು ಕೇಳಿದರೆ, ನಿಮ್ಮ ಮನೆಯ ಮಗುವಿನ ಸೊಂಟಕ್ಕೆ ಯಾವ ಹಗ್ಗ ಕಟ್ಟುತ್ತೀರೋ ಅದನ್ನೇ ಹೇಳಿ.