ನೀರಡಿಕೆಗೆ ನೀರಲ್ಲ

ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ, ಕುಶಲಪ್ರಶ್ನೆ ಆಮೇಲೆ. ನಮ್ಮ ಜಮಖಂಡಿ, ಮುಧೋಳದ ಕಡೆಯ ರೂಢಿ ಇದು. ಬೀಳಗಿಯ ಬಿಸಿಲಿನಲ್ಲಿ ನಡೆದು ಬಂದವನಿಗೆ ಅದರ ಬೆಲೆ ಗೊತ್ತು. ಇಂಥ ಸೀಮೆಯಲ್ಲಿ, ನೀರಡಿಸಿದವನ ಮುಂದಿನ ತಂಬಿಗೆಯನ್ನು ಹೆಂಡತಿಯೇ ಎತ್ತಿಟ್ಟರೆ ನೆರೆಹೊರೆಯವರು ಏನೆಂದಾರು?

ಬನಹಟ್ಟಿಯ ನನ್ನ ಅಕ್ಕನಿಗೆ ಈ ಪ್ರಸಂಗ ಬಂದಿತು. ಮಗ್ಗದ ಮುಂದೆ ಮೂವತ್ತು ವರ್ಷ ಕಳೆದ ಅವಳ ಗಂಡನಿಗೆ (ನಾನು ಅವರನ್ನು ಮಾಮಾ ಎಂದೇ ಕರೆಯುವುದು) ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿತು. ಸತ್ತ ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು. ದೊಡ್ಡವರ ಸಣ್ಣ ಕರುಳು ಸುಮಾರು 6 ಮೀಟರು. ಸಣ್ಣದೆಂದದ್ದು ಅಗಲಕ್ಕೆ, ಉದ್ದಕ್ಕಲ್ಲ. ಮಾಮಾನಿಗೆ ಉಳಿದದ್ದು ಮೇಲಿನ ಒಂದೂವರೆ ಮೀಟರು. ಅದರ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಚೀಲ ಅಂಟಿಸಿದ್ದರು. "ಆರು ವಾರಿ ಸೀರಿಯೊಳಗ ಸೆರಗಷ್ಟ ಉಳದದ ನೋಡೋ ತಮ್ಮಾ" ಎಂದು ಅವರೇ ನಕ್ಕರು.

ನಗೆ ಬಹಳ ದಿನ ಉಳಿಯಲಿಲ್ಲ. ನೀರು ಕುಡಿದಷ್ಟೂ ಚೀಲ ತುಂಬುವುದು, ನಾಲಗೆ ಒಣಗುವುದು, ಮೀನಖಂಡ ಸೆಟೆಯುವುದು. ಕರುಳಿನ ಮೇಲ್ಭಾಗದ ಗೋಡೆ ಜಿನುಗುವ ಜಾತಿಯದು. ಉಪ್ಪಿಲ್ಲದ ನೀರು ಅಲ್ಲಿಗಿಳಿದರೆ ರಕ್ತದ ಉಪ್ಪು ಅದರೊಳಕ್ಕೆ ಇಳಿಯುತ್ತದೆ. ಉಪ್ಪಿನ ಬೆನ್ನಿಗೆ ಮೈಯ ನೀರೂ ಹೊರಡುತ್ತದೆ. ನಮ್ಮ ನಿಮ್ಮಲ್ಲಿ ಕೆಳಗಿನ ಕರುಳು ಅದನ್ನು ಮರಳಿ ಹೀರಿಕೊಳ್ಳುತ್ತದೆ. ಮಾಮಾನಿಗೆ ಆ ಅನುಕೂಲವಿಲ್ಲ. ನೀರು ಕುಡಿದೇ ಒಣಗುವ ಸ್ಥಿತಿ ಅದು!

ಬೆಲ್ಲದ ನೀರಾದರೂ ಕೊಡಬಹುದಲ್ಲ ಎಂದರೆ, ಅದರಲ್ಲಿ ಉಪ್ಪು ಸಾಲದು. ಗ್ಲೂಕೋಸು ಮತ್ತು ಸೋಡಿಯಂ ಕರುಳಿನ ಗೋಡೆಯನ್ನು ಜೋಡಿಯಾಗಿ ದಾಟುತ್ತವೆಂದು ರಾಬರ್ಟ್ ಕ್ರೇನ್ 1960ರಲ್ಲಿ ಹೇಳಿದರು. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನಬಿಸ್ ಕಾಲರಾ ರೋಗಿಗಳಿಗೆ ಕುಡಿಸಿ ಬದುಕಿಸಿದ್ದು ಈ ಜೋಡಿಯನ್ನೇ. ಕರುಳು ಮೊಟಕಾದವರಿಗೆ ಉಪ್ಪು ಇನ್ನಷ್ಟು ಬೇಕು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹೆಸರಿನ ಪಾಕವೊಂದಿದೆ: ಲೀಟರು ನೀರಿಗೆ 20 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ. ಡಾಕ್ಟರು ಅದನ್ನೇ ದಿನವಿಡೀ ಗುಟುಕು ಗುಟುಕಾಗಿ ಕುಡಿಯಹೇಳಿದರು. ಬರೀ ನೀರು, ಚಹಾ ಎಲ್ಲ ಸೇರಿ ಅರ್ಧ ಲೀಟರು, ಮುಗಿಯಿತು.

"ಮಗ ನೀರ ಬೇಡತಾನ, ಕೊಡವಲ್ಲಿ. ನಿನ್ನ ಎದಿ ಕಲ್ಲೇನ?" ಎಂದು ಅತ್ತೆ ಕೂಗಾಡಿದರು. ಅಕ್ಕ ಮಾತಾಡದೆ ಉಪ್ಪು ಅಳೆದಳು. ಓಣಿಯ ಹೆಂಗಸರು ಲಂಘನ ಮಾಡಿಸೆಂದರು. ಆದರೆ ಉಂಡದ್ದರಲ್ಲಿ ಬಹುಪಾಲು ಮೈಗೆ ಹತ್ತದವನು ಮೊದಲಿಗಿಂತ ಹೆಚ್ಚೇ ಉಣ್ಣಬೇಕು, ದಿನಕ್ಕೆ ಆರು ಸಲ. ಜೋಳದ ರೊಟ್ಟಿಗೆ ಬದಲು ಮೆತ್ತಗಿನ ಅನ್ನ, ತುಪ್ಪ, ಉಪ್ಪು ಮುಂದಾದ ಬೇಳೆ. ಉಣ್ಣುವಾಗ ಏನನ್ನೂ ಕುಡಿಯುವಂತಿಲ್ಲ. ರೊಟ್ಟಿ ಬಿಟ್ಟದ್ದೇ ಮಾಮಾನಿಗೆ ಶಸ್ತ್ರಕ್ರಿಯೆಗಿಂತ ದೊಡ್ಡ ದುಃಖ. ಬಿ-12 ಜೀವಸತ್ವ ಹೀರುವ ಕೊನೆಯ ಭಾಗವೇ ಹೋದದ್ದರಿಂದ ಅದರ ಸೂಜಿ ಜೀವನಪರ್ಯಂತ.

ನೂಲಿನ ಲೆಕ್ಕದ ಹಳೆಯ ವಹಿಯಲ್ಲಿ ಅಕ್ಕ ಎಡಕ್ಕೆ ಕುಡಿದದ್ದು, ಬಲಕ್ಕೆ ಚೀಲದ್ದು, ಮೂತ್ರದ್ದು ಬರೆಯುತ್ತಾಳೆ. ಡಾಕ್ಟರು ಮೊದಲು ಕೇಳುವುದು ಆ ವಹಿಯನ್ನೇ. ಮೂರನೆಯ ವಾರ ಚೀಲದ ಅಂಕಿ ಇಳಿಯಿತು, ಮೂತ್ರ ಲೀಟರು ಮುಟ್ಟಿತು. ಓದು ಬಾರದ ಆ ಅತ್ತೆ ಈಗ ಸಂಜೆಯಾದೊಡನೆ ಕೇಳುತ್ತಾರೆ: "ಇವತ್ತಿಂದು ಬರದೀಯೇನ?"